ಗ್ಲಾಸಿನ ಮೇಲಿನ ಮೂರು ಬೆರಳು

ಈ ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ನಿಂತ ಬೈಕಿನ ಹೊಸ ಗ್ಲಾಸು ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುತ್ತಿತ್ತು. ಗಾಳಿ ತಡೆಯಲು ಹ್ಯಾಂಡಲ್ಲಿನ ಮುಂದೆ ಕೂಡಿಸುವ ಈ ಹಾಳೆ ಗಾಜೇ ಅಲ್ಲ; ಆದರೂ ನಮ್ಮ ಯಲಬುರ್ಗಾ ಕಡೆ ಎಲ್ಲರ ಬಾಯಲ್ಲೂ ಅದು ಗ್ಲಾಸೇ. ನಿಮಗೆ ಆ ವಾಸನೆ ಹಿಡಿಸೀತು. ನನಗೆ ಹಳೆಯದೇ ನೆನಪಾಯಿತು.

ಹಳೆಯದು ನಮ್ಮ ಕಾಕಾನದು. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಆತ ಬೇವೂರು, ಮಂಗಳೂರು (ಕಡಲ ಕಡೆಯದಲ್ಲ, ನಮ್ಮ ಕಡೆಯ ಹಳ್ಳಿ) ಎಂದು ಊರೂರು ಸುತ್ತಿ ಎಮ್ಮೆಗಳಿಗೆ ಸೂಜಿ ಚುಚ್ಚಿದವನು. ನನಗೆ ಮಾತು ಕಲಿಸಿದವನೂ ಅವನೇ. ಬೈಗುಳವನ್ನಂತೂ ಬಾಯಿಪಾಠ ಮಾಡಿಸಿದ್ದ. ಪ್ರತಿ ಸೋಮವಾರ ಬೈಕಿನ ಮುಂದೆ ನಿಂತು, ವಿಭೂತಿ ನೆನೆಸಿ, ಗ್ಲಾಸಿನ ಮೇಲೆ ಮೂರು ಬೆರಳು ಎಳೆಯುತ್ತಿದ್ದ. ಹಿಂದಿನ ಸೀಟಿನಲ್ಲಿ ಕುಳಿತ ನಾನು ಅವಸರ ಮಾಡಿದರೆ, "ತಡಿಯೋ ತಮ್ಮಾ, ನಾ ಮುಂದ ನಿಂತೀನಿ, ಹೆಂಗ ಹೋಗ್ತಿ?" ಎನ್ನುತ್ತಿದ್ದ. ಮರುದಿನ ಒಣಗಿದ ಬೂದಿಯನ್ನು ಒರಟು ಟವೆಲ್ಲಿನಿಂದ ಅದೇ ಗೆರೆಗುಂಟ ತಿಕ್ಕಿ ತೆಗೆಯುವುದು. ನಿಜವಾದ ಗಾಜಾಗಿದ್ದರೆ ತಡೆದುಕೊಳ್ಳುತ್ತಿತ್ತೇನೋ.

ಕಾಕಾ ತೀರಿಕೊಂಡ ಮೇಲೆ ಬೈಕು ನನಗೆ ಬಂತು. ಬಿಸಿಲಿಗೆ ಗ್ಲಾಸು ಹಳೇ ತುಪ್ಪದ ಬಣ್ಣಕ್ಕೆ ತಿರುಗಿತ್ತು. ಬೋಲ್ಟಿನ ಸುತ್ತ ಜೇಡರ ಬಲೆಯಂಥ ಬಿರುಕು. ನಡುಹಗಲು ಮತ್ತೇನೂ ಕಾಣದು. ಆದರೆ ಹೊತ್ತು ಇಳಿದು ಸೂರ್ಯ ಎದುರಾದನೆಂದರೆ, ತೊಳೆದಿಟ್ಟ ಗ್ಲಾಸಿನ ಮೇಲೆ ಮೂರು ಗೆರೆ ಬೆಳ್ಳಗೆ ಏಳುತ್ತಿದ್ದವು, ಈಗಷ್ಟೇ ಯಾರೋ ಹಚ್ಚಿ ಹೋದ ಹಾಗೆ. ಮೊದಲ ಸಲ ಬೈಕು ನಿಲ್ಲಿಸಿ ಮುಟ್ಟಿ ನೋಡಿದೆ. ಬೆರಳಿಗೆ ಬೂದಿ ಹತ್ತಲಿಲ್ಲ.

"ಹೊಸಾದು ಹಾಕಸ್ರಿ, ದಾರಿ ಕಾಣಂಗಿಲ್ಲ," ಎಂದಳು ಹೆಂಡತಿ.

"ಅದು ಕಾಕಾನ ಕೈ."

"ಹಂಗಾರ ಆ ಕೈ ಹಿಡಕೊಂಡು ನಾನೂ ಕಾಕಾನ ಹಿಂದ ಹೋಗಬೇಕೇನ್ರಿ?"

ನನ್ನ ಹಟ ನಿಮಗೆ ಗೊತ್ತಿಲ್ಲ. ತೆಗೆಯಲಿಲ್ಲ.

ಹೋದ ತಿಂಗಳು ಒಂದು ಸಂಜೆ ಬೇವೂರಿನಿಂದ ಇಬ್ಬರೂ ಬರುತ್ತಿದ್ದೆವು. ತಿರುವಿನಲ್ಲಿ ಬಿಸಿಲು ನೇರ ಗ್ಲಾಸಿಗೆ ಬಿತ್ತು. ಇಡೀ ಹಾಳೆ ಹಾಲಿನಂತೆ ಬೆಳ್ಳಗಾಯಿತು. ರಸ್ತೆಯಿಲ್ಲ, ಹೊಲವಿಲ್ಲ, ಮೂರು ಗೆರೆ ಮಾತ್ರ. ಆ ಗೆರೆಗಳ ಆಚೆ, ಗ್ಲಾಸಿಗೆ ಕೈಯಿಟ್ಟು ಯಾರೋ ನಿಂತಿದ್ದರು. ಬೈಕು ಓಡುತ್ತಲೇ ಇತ್ತು, ಅವರು ನಿಂತೇ ಇದ್ದರು. ಎರಡೂ ಬ್ರೇಕು ಒತ್ತಿದೆ.

ಬೈಕು ನಿಂತಾಗ ಮುಂದಿನ ಗಾಲಿಗೆ ಮೊಳ ದೂರದಲ್ಲಿ ಕುರಿ ಹಿಂಡು ರಸ್ತೆ ದಾಟುತ್ತಿತ್ತು. ನಡುವೆ, ಮರಿಯೊಂದನ್ನು ಎದೆಗವಚಿಕೊಂಡ ಮುದುಕಿ. "ಕಣ್ಣು ಮನ್ಯಾಗ ಇಟ್ಟು ಬಂದೀಯೇನೋ ಭಾಡ್ಯಾ!" ಎಂದು ಬೈದಳು. ಕೊನೆಗೆ ಹಟ ಬಿಟ್ಟು ಬೈಕನ್ನು ಅಂಗಡಿಗೆ ಒಯ್ದೆ.

ಗ್ಲಾಸು ಕೂಡಿಸುವ ಸಾಹೇಬರು ಉಗುರಿನಿಂದ ಕೆರೆದು ನೋಡಿದರು. "ಮ್ಯಾಲಿನ ಕೊಳಿ ಅಲ್ರಿ ಇದು, ಒಳಗ ಇಳದೈತಿ. ತಿಕ್ಕಿದಷ್ಟೂ ಮಬ್ಬಾಗತೈತಿ. ಇನ್ಮುಂದ ಬೂದಿ ಹಚ್ಚೂದಿದ್ರ ಕಬ್ಬಿಣಕ್ಕ ಹಚ್ರಿ." ಹಳೆಯದನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ, ಬಿಸಿಲು ಬೀಳದ ಕಡೆ.

ಹಾಗಾಗಿ ಈ ಸೋಮವಾರ ಬಗ್ಗಿ, ಮಡ್‌ಗಾರ್ಡಿಗೆ ಮೂರು ಗೆರೆ ಎಳೆದೆ. ತಲೆಯೆತ್ತಿದರೆ ತಿಳಿಯಾದ ಗ್ಲಾಸಿನ ಆಚೆ, ಸೀಟಿನ ಮೇಲೆ ಹೆಂಡತಿ ಕುಳಿತಿದ್ದಳು. ನಾನು ನಿಂತದ್ದು ಕಾಕಾ ನಿಲ್ಲುತ್ತಿದ್ದ ಜಾಗದಲ್ಲಿ. ಅಷ್ಟು ವರ್ಷ ಅವನಿಗೆ ಇಲ್ಲಿಂದ ಕಾಣುತ್ತಿದ್ದದ್ದು ನನ್ನ ಮುಖ.

"ಲಗೂ ಬರ್ರಿ, ಹೊತ್ತಾತು."

"ತಡಿ, ನಾ ಮುಂದ ನಿಂತೀನಿ, ಹೆಂಗ ಹೋಗ್ತಿ?"

ನಾಲಿಗೆ ನನ್ನದೇ. ದನಿ ನನ್ನದಾಗಿರಲಿಲ್ಲ. ಅವಳು ನಗಲಿಲ್ಲ, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.