ಆಯ್ತು

ಜೆ.ಪಿ. ನಗರದ ನಮ್ಮ ಆಫೀಸಿನಲ್ಲಿ ಬಿಲ್ಡ್, ಅಂದರೆ ಬರೆದ ಕೋಡನ್ನೆಲ್ಲ ಜೋಡಿಸಿ ಸಾಫ್ಟ್‌ವೇರ್ ಸಿದ್ಧಪಡಿಸುವ ಕೆಲಸ, ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ಕಮಾಂಡ್ ಲೈನಿನಲ್ಲಿ ಒಂದು ಸಾಲು ಟೈಪಿಸಿದರೆ ಇಡೀ ಸಾಫ್ಟ್‌ವೇರ್ ತಾನಾಗಿ ಸಿದ್ಧವಾಗುವ ಸ್ಕ್ರಿಪ್ಟ್ ಬರೆದಿದ್ದರು. ಎಂಟರ್ ಒತ್ತಿ ಕೈಕಟ್ಟಿ ಕೂತು, "ಅದರ ಪಾಡಿಗೆ ಬಿಡಿ" ಎನ್ನುತ್ತಿದ್ದರು.

ಆ ಸ್ಕ್ರಿಪ್ಟ್ ಕೆಲಸ ಶುರುಮಾಡಿದೊಡನೆ ಪರದೆಯಲ್ಲಿ "ಆಯ್ತು" ಎಂದು ಮೂಡುವಂತೆ ಸೇರಿಸಿದ್ದು ನಾನು. ಸಹೋದ್ಯೋಗಿಯೊಬ್ಬಳು ಅದನ್ನು ನೋಡಿ, ಮುಗಿಯಿತೆಂದುಕೊಂಡು, ಹಳೆಯ ಫೈಲನ್ನೇ ಗ್ರಾಹಕರಿಗೆ ಕಳಿಸಿದಳು. ಸ್ಕ್ರಿಪ್ಟ್ ಬರೆದವರದೇ ತಪ್ಪೆಂದು ಮ್ಯಾನೇಜರ್ ಆ ಹಿರಿಯರನ್ನು ಬೈಯುವಾಗ ನಾನು ಸುಮ್ಮನಿದ್ದೆ. ಸುಮ್ಮನಷ್ಟೇ ಇದ್ದೆನೋ, ಅವರತ್ತ ಬೆರಳು ತೋರಿಸಿದೆನೋ, ನೆನಪನ್ನು ನಂಬಲಾರೆ.

"ನಮ್ಮೂರಲ್ಲಿ 'ಆಯ್ತು' ಅಂದ್ರೆ ಮುಗೀತು ಅಂತಾನೂ ಹೌದು, ಮಾಡ್ತೀನಿ ಅಂತಾನೂ ಹೌದು, ಗುರು," ಎಂದು ಆಮೇಲೆ ಅವರು ನನ್ನತ್ತ ನಕ್ಕು, ಪರದೆಯ ಆ ಪದವನ್ನು "ಶುರು" ಎಂದು ತಿದ್ದಿದರು.

ಅವರು ಕೆಲಸ ಬಿಟ್ಟ ದಿನ, "ಅವತ್ತಿನದ್ದು ಮರೆತ್‌ಬಿಡಿ, ಸಾರ್" ಎಂದೆ.

"ಆಯ್ತು," ಎಂದರು.

ಯಾವ ಆಯ್ತು ಎಂದು ಕೇಳುವ ಧೈರ್ಯ ಬರಲಿಲ್ಲ.