ಲ್ಯಾಬಿನ ವಾಸನೆ ಅಂದುಕೊಂಡಿದ್ದೆವು

ಹಬ್ಬದ ರಜೆ ಮುಗಿಯುತ್ತಾ ಬಂದಿತ್ತು. ಲ್ಯಾಬಿಗೆ ಹಾಕಿಕೊಂಡು ಹೋಗುವ ಬಟ್ಟೆಗಳನ್ನೆಲ್ಲ ಒಗೆದು, ಬಿಸಿಲಿಗೆ ಒಣಗಿಸಿ, ಬೀರುವಿನಲ್ಲಿ ಮಡಚಿಟ್ಟಿದ್ದೆ.

ಆದರೂ ಅತ್ತೆ ಪಾಪುವಿನ ತೊಟ್ಟಿಲ ಹತ್ತಿರ ನಿಂತು ಮೂಗಿಗೆ ಸೆರಗು ಹಿಡಿದರು.

"ನಿನ್ ಬಾಟ್ಲಿ ನಾತ ಇನ್ನೂ ಓಗ್ನಿಲ್ವಲ್ಲ ಕಣಮ್ಮ."

ನಗು ಬಂತು. ಅರ್ಧಕ್ಕೇ ನಿಂತುಹೋಯಿತು... ವಾರದಿಂದ ನಾನು ಬಾಟಲಿ ಮುಟ್ಟೇ ಇಲ್ಲವಲ್ಲ?

ಗೊತ್ತಿಲ್ಲದವರಿಗೆ ಹೇಳಬೇಕು. ಮಂಡ್ಯದ ಒಂದು ಕಾಲೇಜಿನ ಲ್ಯಾಬಿನಲ್ಲಿ ನನಗೆ ಪ್ರಾಜೆಕ್ಟ್ ಕೆಲಸ. ಮದ್ದೂರಿನ ಹೋಟೆಲುಗಳಲ್ಲಿ ವಡೆ ಕರಿದು ಉಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಿದಾಗ, ತಳದಲ್ಲಿ ಸಕ್ಕರೆ ಫ್ಯಾಕ್ಟರಿಯ ಕಾಕಂಬಿಯ ಹಾಗೆ ಕಂದು ಬಣ್ಣದ ಗ್ಲಿಸರಿನ್ ಉಳಿಯುತ್ತದೆ.

ಗೋಬರ್ ಗ್ಯಾಸ್ ಗುಂಡಿಯ ಬಗ್ಗಡದಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾಗೆ ಅದನ್ನು ತಿನ್ನಿಸುವುದು ನಮ್ಮ ಕೆಲಸ. ಗಾಳಿ ತಾಗಿದರೆ ಸಾಯುವ ಜೀವಗಳು ಅವು. ಬಾಟಲಿಯೊಳಗಿನ ಗಾಳಿಯನ್ನೆಲ್ಲ ಹೊರಗೆ ಕಳಿಸಿ, ನೈಟ್ರೋಜನ್ ತುಂಬಿ, ರಬ್ಬರ್ ಬಿರಡೆ ಬಿಗಿದಿಟ್ಟರೆ ಒಳಗೇ ತಿಂದು ಬೆಳೆಯುತ್ತವೆ. ಬಟ್ಟೆಯ ನೂಲಿಗೆ, ಪ್ಲಾಸ್ಟಿಕ್ಕಿಗೆ ಬೇಕಾಗುವ ಕೆಮಿಕಲ್ ಮಾಡಿಕೊಡುತ್ತವೆ.

ಅದರ ಜೊತೆಗೆ ಬ್ಯುಟಿರಿಕ್ ಆಸಿಡ್ಡನ್ನೂ ಮಾಡುತ್ತವೆ. ನಾತ ಅದರದ್ದು. ಕೆಟ್ಟ ಬೆಣ್ಣೆ, ಹುಳಿ ಹಾಲು ಸೇರಿದ ಹಾಗೆ. ಸ್ಯಾಂಪಲ್ ತೆಗೆಯುವಾಗ ಒಂದು ಹನಿ ಸಿಡಿದರೂ ಸಾಕು, ಕೂದಲಿಗೆ, ಉಗುರಿಗೆ ಅಂಟಿಕೊಳ್ಳುತ್ತದೆ.

ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್, "ಯಾರವ್ವ ಅದು, ಕೆಟ್ಟೋದ್ ಬೆಣ್ಣೆ ಮಾರಕ್ ಒಂಟಿರೋದು" ಅಂದಾಗ, ಎಲ್ಲರ ಜೊತೆ ನಾನೂ ಆಚೆ ಈಚೆ ನೋಡಿದ್ದೆ.

ಆದರೆ ಲ್ಯಾಬಿನಲ್ಲಿ ಆ ವಾಸನೆ ಅಂದರೆ ನಮಗೆ ಸಮಾಧಾನ. ವಾಸನೆ ಇದೆ ಅಂದರೆ ಬ್ಯಾಕ್ಟೀರಿಯಾ ಬದುಕಿದೆ, ತಿನ್ನುತ್ತಿದೆ ಅಂತ. ಏನೂ ಬರದಿದ್ದ ದಿನ ಒಂದೊಂದೇ ಬಿರಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆವು.

ಪಾಪು ಮೊಲೆಗೆ ಬಾಯಿ ಇಟ್ಟು, ತಕ್ಷಣ ಮುಖ ತಿರುಗಿಸಿ, ಬೆನ್ನು ಸೆಟೆದು ಅಳಲು ಶುರು ಮಾಡಿದ್ದು ನಾನು ಕೆಲಸಕ್ಕೆ ಮರಳಿದ ಮೇಲೆ. ನನ್ನ ಮೈ ವಾಸನೆಗೇ ಹೀಗೆ ಮಾಡುತ್ತಾನೆ ಅಂದರು ಅತ್ತೆ. ನನ್ನ ಗಂಡನೂ ಹೌದು ಅಂದರು. ನಾನೂ ನಂಬಿದೆ.

ಹಾಗಾಗಿ ಸಂಜೆ ಬೆಸಗರಹಳ್ಳಿಯ ಮನೆಗೆ ಬಂದರೆ ಮೊದಲು ನೇರ ಬಚ್ಚಲಿಗೆ. ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು, ಉಗುರಿಗೆ ನಿಂಬೆಹೋಳು. ಹೊರಗೆ ಅವನು ಅಳುತ್ತಿದ್ದ, ಒಳಗೆ ನಾನು ಚರ್ಮ ಉರಿಯುವಷ್ಟು ಉಜ್ಜಿಕೊಳ್ಳುತ್ತಿದ್ದೆ.

ಅವತ್ತು ಅತ್ತೆ ಹಾಗೆ ಅಂದಾಗ ತೊಟ್ಟಿಲ ಪಕ್ಕ ನಿಂತು ನನ್ನ ನೈಟಿ ಮೂಸಿದೆ. ಸೋಪಿನ ವಾಸನೆ. ಕೈ ಮೂಸಿದೆ. ಒಗ್ಗರಣೆ.

ಮೆಲ್ಲಗೆ ಪಾಪುವಿನ ಗಲ್ಲ ಎತ್ತಿದೆ.

ಕತ್ತಿನ ಮಡಿಕೆಯೊಳಗೆ ಒಡೆದ ಹಾಲು. ಚರ್ಮ ಬೆಂದ ಹಾಗೆ ಕೆಂಪಗೆ. ಕಿವಿಯ ಹಿಂದೆ, ತಲೆಯಡಿಯ ಬಟ್ಟೆಯಲ್ಲಿ, ಅದರ ಕೆಳಗಿನ ಹಾಸಿಗೆಯಲ್ಲಿ... ಅದೇ ವಾಸನೆ.

ಅವನು ಜೋರಾಗಿ ವಾಂತಿ ಮಾಡುವ ಮಗು ಅಲ್ಲ. ಮಲಗಿದಲ್ಲೇ ಸದ್ದಿಲ್ಲದೆ ಕಕ್ಕಿಕೊಳ್ಳುತ್ತಿದ್ದ. ಹಗಲೆಲ್ಲ ನಾನು ಹಿಂಡಿಟ್ಟ ಹಾಲನ್ನು ಅತ್ತೆ ಒಳಲೆಯಲ್ಲಿ ಕುಡಿಸಿ, ಬಾಯಿ ಒರೆಸಿ, ಬಟ್ಟೆ ಬದಲಿಸುತ್ತಿದ್ದರು; ರಜೆಯಲ್ಲೂ ಅದೇ ರೂಢಿ. ಎಲ್ಲ ಕೂಸುಗಳೂ ಒಂದಿಷ್ಟು ಕಕ್ಕುತ್ತವಲ್ಲ.

ಬೇರೆ ಮನೆಯಾಗಿದ್ದರೆ ಅಷ್ಟು ನಾತಕ್ಕೆ ಯಾರಾದರೂ ಅನುಮಾನ ಪಡುತ್ತಿದ್ದರು. ನಮ್ಮ ಮನೆಯಲ್ಲಿ ನಾತಕ್ಕೆ ಆಗಲೇ ಒಬ್ಬಳು ವಾರಸುದಾರಳು ಇದ್ದಳು.

ಮಗು ಸೊರಗಿದೆ ಅಂದವರಿಗೂ ಉತ್ತರ ಸಿದ್ಧವಿತ್ತು. ಅಮ್ಮ ಕೆಲಸಕ್ಕೆ ಹೋಗ್ತಾಳಲ್ಲ.

ಮದ್ದೂರಿನ ಡಾಕ್ಟರು ಅವನನ್ನು ತಕ್ಕಡಿಯ ಮೇಲೆ ಮಲಗಿಸಿದರು. ಹಿಂದಿನ ತೂಕ ಕೇಳಿ ಮತ್ತೊಮ್ಮೆ ಮಲಗಿಸಿದರು. ಯಾವಾಗಿನಿಂದ ಹೀಗೆ ಅಂತ ಕೇಳಿದರು.

ಅತ್ತೆ, ಗಂಡ, ನಾನು. ಮೂವರು ದೊಡ್ಡವರು ನಿಂತಿದ್ದೆವು. 

ಈಗ ಮಂಡ್ಯದ ಆಸ್ಪತ್ರೆಯಲ್ಲಿದ್ದೇವೆ. ಅಷ್ಟು ಸಣ್ಣ ಕೈಗೆ ಡ್ರಿಪ್. ಕುಡಿದ ಹಾಲು ಯಾಕೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಅಂತ ಇಲ್ಲಿ ಗೊತ್ತಾಗಿಲ್ಲ, ನಾಳೆ ಮೈಸೂರಿಗೆ ಕರೆದುಕೊಂಡು ಹೋಗಿ ಅಂದಿದ್ದಾರೆ. ಆಪರೇಷನ್ ಅನ್ನುವ ಮಾತನ್ನು ಮೆಲ್ಲಗೆ ಆಡಿದರು. ನನಗೆ ಕೇಳಿಸಿತು.

ಅತ್ತೆ ಬೆಂಚಿನ ತುದಿಯಲ್ಲಿ ಕೂತಿದ್ದಾರೆ. ಬೈಯುತ್ತಾರೇನೋ ಅಂದುಕೊಂಡಿದ್ದೆ.

"ನಾನೇ ವರಸಿ ವರಸಿ ಆಕ್ತಿದ್ನಲ್ಲವ್ವ... ನಾತ ನಿಂದು ಅನ್ಕಂಡೆ."

ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಲ್ಯಾಬಿನಿಂದ ನಮ್ಮ ಸರ್ ಮೆಸೇಜ್ ಹಾಕಿದ್ದಾರೆ. ರಜೆಗೆ ಮೊದಲು ನಾನು ಬಿಗಿದಿಟ್ಟ ಬಾಟಲಿಗಳಲ್ಲಿ ಗ್ಲಿಸರಿನ್ ಪೂರ್ತಿ ಖಾಲಿಯಂತೆ. ರಿಸಲ್ಟ್ ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲವಂತೆ. ಕಂಗ್ರಾಟ್ಸ್ ಅಂತಲೂ ಇತ್ತು.

ಕೊಟ್ಟದ್ದನ್ನೆಲ್ಲ ತಿಂದಿವೆ ಅವು. ಓದಿ ಫೋನ್ ಮಗುಚಿಟ್ಟೆ.

ಸಿಸ್ಟರ್ ಬಂದು ಪಾಪುವಿನ ಕತ್ತು ಒರೆಸಿ ಮುಲಾಮು ಹಚ್ಚಿ ಹೋದರು. ಆಗಿನಿಂದ ಅಲ್ಲೇ ಮೂಗಿಟ್ಟುಕೊಂಡು ಕೂತಿದ್ದೇನೆ. ಎಷ್ಟು ದಿನದ ನಿದ್ದೆ ಬಾಕಿಯೋ, ಏನೂ ತಿಳಿಯುತ್ತಿಲ್ಲ. ಈ ವಾಸನೆ ಮುಲಾಮಿನದ್ದೋ, ನನ್ನದೋ, ಅವನದ್ದೋ...

ಮನೆಯಲ್ಲಿ ಕೂಸು ಇರುವವರು ಯಾರಾದರೂ ಹೇಳ್ತೀರಾ, ಚೆನ್ನಾಗಿರುವ ಮಗುವಿನ ಕತ್ತಿಗೆ ಯಾವ ವಾಸನೆ ಇರುತ್ತದೆ?