ಬಾಯಿಗೂ ಅಳತೆ ಬೇಕು

ಮಗಳು ಶಾಲೆಯಲ್ಲಿ ಹಾಕಿ ಆಡಲು ಶುರುಮಾಡಿದ್ದಾಳೆಂದು ಮೊನ್ನೆ ಅವಳೊಂದಿಗೆ ತಿಪಟೂರಿನ ಆಟದ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆ ಹಲ್ಲಿಗೆ ಪೆಟ್ಟಾಗದಂತೆ ಹಾಕಿಕೊಳ್ಳುವ ಒಂದು ಮೌತ್‌ಗಾರ್ಡ್ ತೆಗೆದು, "ಎಲ್ರಿಗೂ ಇದೇ ಸೈಜು, ಮೇಡಮ್" ಎಂದಳು. ಪೊಟ್ಟಣ ಬಿಚ್ಚಿದ ಕೂಡಲೇ ಬಂದ ರಬ್ಬರಿನ ವಾಸನೆ ನನ್ನನ್ನು ಸೀದಾ ಜೂನಿಯರ್ ಕಾಲೇಜಿನ ಮೈದಾನಕ್ಕೆ ಎಳೆದೊಯ್ದಿತು. ನೀವೂ ಜೊತೆಗೆ ಬನ್ನಿ, ದೂರವೇನಿಲ್ಲ.

ಆಗ ತೊಂಬತ್ತರ ದಶಕದ ಕೊನೆ. ನಮ್ಮದು ಹುಡುಗಿಯರ ಕಬಡ್ಡಿ ತಂಡ. ರೈಡಿಗೆ ಹೋಗುವವಳು ನೂರಿ, ಪೇಟೆಯ ದರ್ಜಿಯೊಬ್ಬರ ಮಗಳು, ನನ್ನ ಗೆಳತಿ. ಹಿಡಿಯುವವಳು ನಾನು. ಹಿಡಿಯುವುದಕ್ಕಿಂತ ಡಿಕ್ಕಿ ಹೊಡೆಯುವುದೇ ಹೆಚ್ಚು ಎಂದು ತಂಡದವರ ದೂರು; ಸುಳ್ಳೇನಲ್ಲ. ಒಂದು ಸಂಜೆ ಅಭ್ಯಾಸದಲ್ಲಿ ಬಗ್ಗಿ ನುಗ್ಗಿದೆ. ನನ್ನ ತಲೆ ಅವಳ ಬಾಯಿಗೆ ಬಡಿಯಿತು. ಎದ್ದು ನೋಡಿದರೆ ಅವಳ ಮುಂದಿನ ಹಲ್ಲೊಂದು ಬೇರುಸಮೇತ ಮಣ್ಣಿನಲ್ಲಿ ಬಿದ್ದಿತ್ತು.

ಅದನ್ನೆತ್ತಿ ಬಟ್ಟೆಗೆ ಒರೆಸಲು ಹೊರಟೆ. ಗೇಟಿನ ಬಳಿ ಎಳನೀರು ಮಾರುತ್ತಿದ್ದ ಅಜ್ಜಿ ಕೂಗಿಕೊಂಡರು: "ಉಜ್ಬೇಡ ಕಣವ್ವ! ಒಣಗಕ್ಕೂ ಬುಡ್ಬೇಡ. ಇದ್ರೊಳ್ಗೆ ಹಾಕ್ಕೊಂಡು ಓಡು." ಆಗ ತಾನೇ ಕೆತ್ತಿದ ಎಳನೀರನ್ನು ಕೈಗಿಟ್ಟರು. ಹೀಗೆ ನೂರಿ, ನಾನು, ಎಳನೀರೊಳಗಿನ ಹಲ್ಲು, ಮೂವರೂ ಆಟೋ ಹತ್ತಿ ದಂತವೈದ್ಯರ ಬಳಿ ಹೋದೆವು.

"ಯಾರಮ್ಮ ಹೇಳ್ಕೊಟ್ಟಿದ್ದು? ಒಳ್ಳೇ ಕೆಲ್ಸ ಮಾಡಿದ್ದೀರ" ಎಂದ ಡಾಕ್ಟರಮ್ಮ ಹಲ್ಲನ್ನು ಹಳೆಯ ಜಾಗಕ್ಕೇ ಕೂರಿಸಿ, ಅಕ್ಕಪಕ್ಕದ ಹಲ್ಲುಗಳಿಗೆ ತಂತಿಯಿಂದ ಬಿಗಿದರು. ಉಳಿಯುತ್ತದೆಂದು ಮಾತು ಕೊಡಲಿಲ್ಲ. ಮತ್ತೆ ಆಡುವುದಾದರೆ ಬಾಯಿಗೆ ಗಾರ್ಡ್ ಹಾಕಿಕೊಂಡೇ ಆಡಬೇಕೆಂದರು. ನೂರಿಯ ತಂದೆಯದೂ ಅದೇ ಷರತ್ತು. ಗಾರ್ಡ್ ಇಲ್ಲದಿದ್ದರೆ ಆಟವಿಲ್ಲ.

ತಂತಿ ಬಿಚ್ಚಿದ ಮೇಲೆ ಹುಡುಕಾಟ ಶುರುವಾಯಿತು. ತುಮಕೂರಿನಿಂದ ತರಿಸಿದ ರೆಡಿಮೇಡ್ ಗಾರ್ಡ್ ಎಷ್ಟು ದಪ್ಪವಿತ್ತೆಂದರೆ ಅದನ್ನು ಹಾಕಿಕೊಂಡರೆ ನೂರಿಯ ತುಟಿಗಳೇ ಕೂಡುತ್ತಿರಲಿಲ್ಲ. ತುಟಿ ಕೂಡದೆ 'ಬ' ಹುಟ್ಟುವುದು ಹೇಗೆ? ಅವಳು ಉಸಿರು ಕಟ್ಟಿ "ಕಹಡ್ಡಿ, ಕಹಡ್ಡಿ" ಎನ್ನುತ್ತಿದ್ದಳು. ಅಂಪೈರಿಗೆ ಕಬಡ್ಡಿ ಕಬಡ್ಡಿಯಾಗಿಯೇ ಕೇಳಿಸದಿದ್ದರೆ ರೈಡು ಕೆಟ್ಟಂತೆ. ಅಲ್ಲಿಯತನಕ ಈ ಪದದ ನಡುವೆ ತುಟಿಗಳಿಗೂ ಕೆಲಸವಿದೆ ಎಂಬುದನ್ನು ನಾನು ಗಮನಿಸಿಯೇ ಇರಲಿಲ್ಲ!

ಎರಡನೆಯದು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಕಚ್ಚಿ ಅಚ್ಚು ಮಾಡಿಕೊಳ್ಳುವಂಥದ್ದು. ಉಸ್ತುವಾರಿ ನನ್ನದು. ಜಾಸ್ತಿ ಹೊತ್ತಿಟ್ಟರೆ ಇನ್ನೂ ಒಳ್ಳೆಯದೆಂದುಕೊಂಡು ಇಡ್ಲಿಯಷ್ಟು ಹೊತ್ತು ಬೇಯಿಸಿದೆ. ಅದು ಬೆಂದ ಬದನೆಕಾಯಿಯಂತೆ ಮುದುಡಿಕೊಂಡಿತು.

ನೂರಿಯ ತಂದೆ ಅದನ್ನು ತಿರುಗಿಸಿ ನೋಡಿ ನಕ್ಕರು. "ರೆಡಿಮೇಡ್ ಅಂಗಿನೇ ಸರ್ಯಾಗಿ ಕೂರಲ್ಲ, ಇದು ಕೂರ್ತದಾ? ಬಾಯಿಗೂ ಅಳತೆ ತಗೊಂಡೇ ಮಾಡಿಸ್ಬೇಕು ಕಣಮ್ಮ."

ಡಾಕ್ಟರಮ್ಮ ಮೇಲಿನ ಹಲ್ಲುಗಳ ಅಚ್ಚು ತೆಗೆದುಕೊಂಡರು. ವಾರದ ಮೇಲೆ ಬಂದ ಗಾರ್ಡ್ ತೆಳ್ಳಗಿತ್ತು, ಹಲ್ಲಿಗೆ ಅಂಟಿದಂತೆ ಕೂತಿತು. ಪರೀಕ್ಷೆ ಟೈಲರ್ ಅಂಗಡಿಯಲ್ಲೇ. ನೂರಿಯ ತಂದೆ ಹೊಲಿಗೆ ಮಿಷನ್ ನಿಲ್ಲಿಸಿ, ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ನಿಂತರು. ನೂರಿ ಒಂದೇ ಉಸಿರಿಗೆ ಕಬಡ್ಡಿ ಕಬಡ್ಡಿ ಎಂದಳು.

"'ಬ' ಕೇಳಿಸ್ತು. ಹೋಗಿ ಆಡ್ಕೊಳ್ಳಿ" ಎಂದರು.

ಆಡಲಾಗದೆ ಹೋದವಳು ನಾನು. ಅವಳು ಎದುರಿಗೆ ಬಂದಾಗಲೆಲ್ಲ ನನ್ನ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಎರಡು ದಿನ ಸುಮ್ಮನೆ ನೋಡಿದ ನೂರಿ ಮೂರನೆಯ ದಿನ ನನ್ನೆದುರು ನಿಂತು ಗಾರ್ಡ್ ಕಾಣುವಂತೆ ಹಲ್ಲು ಕಿರಿದಳು.

"ಇಷ್ಟೆಲ್ಲ ಮಾಡಿಸ್ಕೊಂಡಿದ್ದು ಯಾಕೇ? ನೀನು ಹಿಡೀಲಿ ಅಂತಾನೇ ಕಣೇ!"

ಹಿಡಿದೆ. ಇಬ್ಬರೂ ಮಣ್ಣಿಗೆ ಬಿದ್ದೆವು. ಅವಳು ನಗುತ್ತಾ ಎದ್ದಳು, ನಾನು ಅಳುತ್ತಾ. ಮುಂದೆ ತುರುವೇಕೆರೆಯ ಪಂದ್ಯದಲ್ಲಿ ಯಾರದೋ ಮೊಣಕೈ ಅವಳ ಬಾಯಿಗೇ ಬಡಿಯಿತು. ಪಂದ್ಯ ಸೋತೆವು, ಹಲ್ಲು ಅಲುಗಲಿಲ್ಲ.

ಅಂಗಡಿಯಲ್ಲೇ ನಿಂತು ಇಷ್ಟನ್ನೂ ಕೇಳಿದ ಮಗಳು, "ಆ ಹಲ್ಲು ಈಗ್ಲೂ ಇದ್ಯಾ, ಅಮ್ಮ?" ಎಂದಳು. ನನಗೆ ಗೊತ್ತಿರಲಿಲ್ಲ. ನೂರಿ ಈಗ ಚಿಕ್ಕನಾಯಕನಹಳ್ಳಿಯಲ್ಲಿ ಆಟದ ಟೀಚರ್. ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ, ಆ ಸುದ್ದಿ ಮಾತ್ರ ನಾನು ಎತ್ತಿದ್ದೇ ಇಲ್ಲ. ಪೊಟ್ಟಣವನ್ನು ಅಂಗಡಿಯಾಕೆಗೆ ಹಿಂದಿರುಗಿಸಿ, ಹೊರಗೆ ಬಂದು ಫೋನ್ ಮಾಡಿದೆ.

"ಇದೆ ಕಣೇ. ಸ್ವಲ್ಪ ಬಣ್ಣ ಕೆಟ್ಟದೆ, ಕಬ್ಬು ಸಿಗಿಯಕ್ಕಾಗಲ್ಲ, ಅಷ್ಟೆ. ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ ನೀನು?"

"ಭಯ ಇತ್ತು" ಎಂದೆ.

ಆ ಕಡೆ ನೂರಿ ಜೋರಾಗಿ ನಕ್ಕಳು.

"ಹಲ್ಲು ಹೋಗಿದ್ದು ನಂದು, ಬಾಯಿ ಮುಚ್ಕೊಂಡಿದ್ದು ನೀನು!"